ಗೇಮ್ ಅಪ್‌ಡೇಟಿನ ಸುದ್ದಿ: ಸ್ವಂತ ವೆಬ್‌ಸೈಟಿನಲ್ಲಿ ಬರೆಯುವುದು ಹೇಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕೂತು ಗೇಮ್ ಮಾಡುವ ಸಣ್ಣ ತಂಡಗಳಿಗಾಗಿ ಈ ಬರಹ. ಇಬ್ಬರೋ ಮೂವರೋ ಸೇರಿ ಯೂನಿಟಿ, ಗೊಡಾಟ್‌ನಂಥ ಗೇಮ್ ಎಂಜಿನ್‌ನಲ್ಲಿ ಆಟ ಕಟ್ಟಿ ಫೋನಿನ ಪ್ಲೇ ಸ್ಟೋರ್‌ಗೋ ಕಂಪ್ಯೂಟರ್ ಆಟಗಳ ಅಂಗಡಿಯಾದ ಸ್ಟೀಮ್‌ಗೋ ಹಾಕಿದ ಮೇಲೆ ಅಪ್‌ಡೇಟ್‌ಗಳು ಬರುತ್ತಲೇ ಇರುತ್ತವೆ. ಒಂದೊಂದು ಅಪ್‌ಡೇಟ್ ಬಂದಾಗಲೂ ಆಡುವವರ ಪ್ರಶ್ನೆ ಎರಡೇ: ನನ್ನ ಆಟಕ್ಕೆ ಏನಾಯ್ತು? ನಾನೀಗ ಏನು ಮಾಡಬೇಕು? ‘ಬಗ್ ಫಿಕ್ಸ್ ಮತ್ತು ಸುಧಾರಣೆಗಳು’ ಎಂಬ ಸಾಲು ಈ ಎರಡಕ್ಕೂ ಉತ್ತರ ಕೊಡುವುದಿಲ್ಲ. ಇನ್‌ಸ್ಟಾಗ್ರಾಮ್ ಸ್ಟೋರಿ 24 ಗಂಟೆಗೆ ಅಳಿಸಿಹೋಗುತ್ತದೆ. ಆಟಗಾರರ ಹರಟೆಯ ಆಪ್ ಡಿಸ್ಕಾರ್ಡ್‌ನಲ್ಲಿ ಹಾಕಿದ ಮೆಸೇಜು ನಾಳೆಯ ಹರಟೆಯಡಿ ಹೂತುಹೋಗುತ್ತದೆ, ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ಪೂರ್ತಿ ಸುದ್ದಿ ನಿಮ್ಮದೇ ವೆಬ್‌ಸೈಟಿನಲ್ಲಿರಲಿ, ಉಳಿದ ಕಡೆಗಳಲ್ಲಿ ಅದರ ಲಿಂಕ್ ಮಾತ್ರ ಇರಲಿ. ಎಲ್ಲಾದರೂ ಎರಡು ಕಡೆಯ ಮಾತು ತಾಳೆಯಾಗದೆ ಹೋದರೆ ವೆಬ್‌ಸೈಟಿನದ್ದೇ ಸರಿ ಎಂದು ಆಡುವವರಿಗೂ ಗೊತ್ತಿರಬೇಕು, ತಂಡಕ್ಕೂ ಗೊತ್ತಿರಬೇಕು.

ಉದಾಹರಣೆಗೆ ಒಂದು ಕಲ್ಪಿತ ಆಟ ಇಟ್ಟುಕೊಳ್ಳೋಣ. ಫೋನು, ಕಂಪ್ಯೂಟರ್ ಎರಡರಲ್ಲೂ ಆಡಬಹುದಾದ ಚನ್ನೆಮಣೆ. 14 ಗುಳಿ, ಗುಳಿಗೆ 4 ಕಾಯಿ, ಒಟ್ಟು 56 ಕಾಯಿ. ಆನ್‌ಲೈನ್‌ನಲ್ಲಿ ಎದುರಾಳಿ ಸಿಕ್ಕರೆ ಅವರ ಜೊತೆ, ಸಿಗದಿದ್ದರೆ ಕಂಪ್ಯೂಟರ್ ಜೊತೆ.

ಮೊದಲು ಸುದ್ದಿಗಳನ್ನು ಬೇರೆ ಮಾಡಿ

ಎಲ್ಲವನ್ನೂ ‘ಸುದ್ದಿ’ ಎಂಬ ಒಂದೇ ರಾಶಿಗೆ ಸುರಿದರೆ ಯಾರಿಗೂ ಬೇಕಾದದ್ದು ಸಿಗುವುದಿಲ್ಲ. ಸಣ್ಣ ತಂಡಕ್ಕೆ ನಾಲ್ಕು ವಿಭಾಗ ಸಾಕು: ಪ್ಯಾಚ್ ನೋಟ್ಸ್, ಸರ್ವರ್ ಸೂಚನೆ, ತಯಾರಿಯ ಟಿಪ್ಪಣಿ, ಪ್ರಕಟಣೆ. ಯಾವ ಆವೃತ್ತಿಯಲ್ಲಿ ಏನು ಬದಲಾಯಿತು ಎಂಬ ಪಟ್ಟಿ ಪ್ಯಾಚ್ ನೋಟ್ಸ್. ಸರ್ವರ್ ಯಾವಾಗ ನಿಲ್ಲುತ್ತದೆ ಎಂದು ತಿಳಿಸುವುದು ಸರ್ವರ್ ಸೂಚನೆ. ಹೊಸ ಆಟ, ರಿಯಾಯಿತಿ, ಸ್ಪರ್ಧೆ ಇವೆಲ್ಲ ಪ್ರಕಟಣೆ. ಮುಂದೆ ಬರಲಿರುವುದನ್ನು ಚಿತ್ರ ಸಹಿತ ವಿವರಿಸುವುದು ತಯಾರಿಯ ಟಿಪ್ಪಣಿ. ಇದನ್ನು ಚೆನ್ನಾಗಿ ಮಾಡುವವರು ‘ಫ್ಯಾಕ್ಟೋರಿಯೊ’ ಆಟದವರು. 2013ರಿಂದ ‘ಫ್ರೈಡೇ ಫ್ಯಾಕ್ಟ್ಸ್’ ಹೆಸರಿನಲ್ಲಿ ಶುಕ್ರವಾರಗಳಂದು ತಾವು ಯಾವ ತೊಡಕು ಬಿಡಿಸುತ್ತಿದ್ದೇವೆ ಎಂದು, ನಡುನಡುವೆ ಬಿಡುವು ಕೊಟ್ಟರೂ, ಬರೆಯುತ್ತ ಬಂದಿದ್ದಾರೆ. ಆದರೆ ಯಾವ ಆವೃತ್ತಿಯಲ್ಲಿ ಏನು ಬದಲಾಯಿತು ಎಂಬ ಪಟ್ಟಿ ಅದರಲ್ಲಿ ಸೇರುವುದಿಲ್ಲ, ಅದಕ್ಕೆ ಬೇರೆಯೇ ಜಾಗ ಇದೆ. ಹೀಗೆ ಬೇರೆ ಇಡುವುದು ಮುಖ್ಯ. ‘ಇದನ್ನು ಮಾಡಬೇಕೆಂದಿದ್ದೇವೆ’ ಎಂಬುದೂ ‘ಇದು ಈಗ ನಿಮ್ಮ ಫೋನಿನಲ್ಲಿದೆ’ ಎಂಬುದೂ ಒಂದೇ ಪುಟದಲ್ಲಿ ಬೆರೆತರೆ, ಬರದ ವೈಶಿಷ್ಟ್ಯವನ್ನು ಹುಡುಕಿ ಸುಸ್ತಾದವರು ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ.

ಚಿತ್ರಗಳಿಂದ ತುಂಬಿದ ದೊಡ್ಡ ಪುಟವೇ ಬೇಕೆಂದರೆ ‘ನೋ ಮ್ಯಾನ್ಸ್ ಸ್ಕೈ’ ಮಾದರಿ ನೋಡಿ. ದೊಡ್ಡ ಅಪ್‌ಡೇಟ್‌ಗೆ ಅದರದ್ದೇ ಹೆಸರು, ಅದರದ್ದೇ ಪುಟ. ಮೇಲ್ಭಾಗದಲ್ಲಿ ಚಿತ್ರ ಮತ್ತು ವಿವರಣೆ, ಕೆಳಗೆ ಇಳಿದರೆ ಬದಲಾವಣೆಗಳ ಪೂರ್ತಿ ಪಟ್ಟಿ. ಆಸೆ ಹುಟ್ಟಿಸುವ ಕೆಲಸ ಮೇಲೆ, ಲೆಕ್ಕ ಒಪ್ಪಿಸುವ ಕೆಲಸ ಕೆಳಗೆ.

ಪ್ಯಾಚ್ ನೋಟ್ಸ್

ನಾಲ್ಕರಲ್ಲಿ ಹೆಚ್ಚು ಕೆಲಸ ಬೇಡುವುದೂ ಹೆಚ್ಚು ಕೆಡುವುದೂ ಇದೇ. ಬಿಡುಗಡೆಯ ರಾತ್ರಿ ಬರೆಯಲು ಕೂತರೆ ಕೈಗೆ ಸಿಗುವುದು ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಕಮಿಟ್ ಸಾಲುಗಳಷ್ಟೇ. ಅವು ಪ್ರೋಗ್ರಾಮರ್ ತನಗೆ ತಾನೇ ಬರೆದುಕೊಂಡದ್ದು. ಆದ್ದರಿಂದ ಬಗ್ ಪಟ್ಟಿಯ ಪ್ರತಿ ಟಿಕೆಟ್‌ನಲ್ಲೂ (ಒಂದೊಂದು ಬಗ್‌ನ ದಾಖಲೆ) ‘ಆಡುವವರಿಗೆ ಹೇಳುವ ಮಾತು’ ಎಂಬ ಖಾನೆ ಸೇರಿಸಿ. ಬಗ್ ಸರಿಪಡಿಸಿದವರೇ ಅದೇ ದಿನ ಒಂದು ವಾಕ್ಯ ಬರೆಯಲಿ. ಆ ಖಾನೆ ಖಾಲಿ ಇದ್ದರೆ ಟಿಕೆಟ್ ಮುಚ್ಚುವಂತಿಲ್ಲ ಎಂದು ನಿಯಮ ಮಾಡಿ. ಬಿಡುಗಡೆಯ ದಿನ ಉಳಿಯುವುದು ಜೋಡಿಸುವ ಕೆಲಸ ಮಾತ್ರ.

ಆ ವಾಕ್ಯದಲ್ಲಿ ಮೂರು ಸಂಗತಿ ಬರಬೇಕು: ಯಾವಾಗ ಆಗುತ್ತಿತ್ತು, ಏನಾಗುತ್ತಿತ್ತು, ಈಗ ಏನಾಗುತ್ತದೆ. ಕಮಿಟ್‌ನಲ್ಲಿ ‘ಟರ್ನ್ ಟೈಮರ್ ಸಿಂಕ್ ಸರಿಪಡಿಸಿದೆ’ ಎಂದಿರುತ್ತದೆ. ವೆಬ್‌ಸೈಟಿನಲ್ಲಿ ಹೀಗಿರಲಿ: ‘ಆನ್‌ಲೈನ್ ಆಟದ ಮಧ್ಯೆ ನೆಟ್‌ವರ್ಕ್ ಹೋಗಿ ಕೂಡಲೇ ವಾಪಸ್ ಬಂದರೂ ನಿಮ್ಮ ಸರದಿ ಎದುರಾಳಿಗೆ ಹೋಗಿಬಿಡುತ್ತಿತ್ತು. ಈಗ 30 ಸೆಕೆಂಡಿನವರೆಗೆ ಸರದಿ ನಿಮ್ಮದಾಗಿಯೇ ಉಳಿಯುತ್ತದೆ.’ ಮಳೆಗಾಲದಲ್ಲಿ ಹೊಸನಗರದ ಕಡೆ ಒಂದು ಗೆರೆ ಸಿಗ್ನಲ್‌ನಲ್ಲಿ ಆಡುವವರು ಹುಡುಕುತ್ತಿರುವುದು ಇದೇ ವಾಕ್ಯವನ್ನು. ‘ಟರ್ನ್ ಟೈಮರ್ ಸಿಂಕ್’ ಓದಿದರೆ ತಮ್ಮ ತೊಂದರೆ ನೀಗಿದೆ ಎಂದು ಅವರಿಗೆ ತಿಳಿಯುವುದೇ ಇಲ್ಲ.

‘ಸರಿಪಡಿಸಿದ್ದೇವೆ’ ಎಂಬ ಪದ ಬಳಸುವಾಗ ಬಿಗಿ ಇರಲಿ. ಕಾರಣ ಸಿಕ್ಕಿ, ಅದೇ ಹಂತಗಳನ್ನು ಮತ್ತೆ ಮಾಡಿ ನೋಡಿ, ಬಗ್ ಬರಲಿಲ್ಲವೆಂದು ಖಾತ್ರಿಯಾದರೆ ಮಾತ್ರ ‘ಸರಿಪಡಿಸಿದ್ದೇವೆ’. ಕ್ರ್ಯಾಶ್ ಕಡಿಮೆಯಾಗಿದ್ದು ಕಾರಣ ಪೂರ್ತಿ ಸಿಗದಿದ್ದರೆ ‘ಕಡಿಮೆಯಾಗಿದೆ, ಇನ್ನೂ ಹುಡುಕುತ್ತಿದ್ದೇವೆ’ ಎಂದೇ ಬರೆಯಿರಿ. ಸರಿಯಾಗಿದೆ ಎಂದ ಬಗ್ ಮರುದಿನವೇ ಎದುರಾದರೆ, ಆ ಪುಟದ ಉಳಿದ ಸಾಲುಗಳನ್ನೂ ಜನ ನಂಬುವುದಿಲ್ಲ.

ಅಂಕಿಗಳನ್ನು ಮುಚ್ಚಿಡಬೇಡಿ. ಶಿವಮೊಗ್ಗದ ಅಡಿಕೆ ಮಾರುಕಟ್ಟೆಯಲ್ಲಿ ‘ದರದಲ್ಲಿ ಬದಲಾವಣೆ ಆಗಿದೆ’ ಎಂದಷ್ಟೇ ಬೋರ್ಡ್ ಹಾಕಿದರೆ ಒಬ್ಬ ಬೆಳೆಗಾರನೂ ಒಪ್ಪುವುದಿಲ್ಲ. ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು, ಗೊರಬಲಿಗೆ ಎಷ್ಟು, ಕ್ವಿಂಟಲ್‌ಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಬೇಕೇ ಬೇಕು. ಆಟದ ಬ್ಯಾಲೆನ್ಸ್, ಅಂದರೆ ಯಾವುದಕ್ಕೆ ಎಷ್ಟು ಬಲ ಎಂಬುದು, ಬದಲಾದಾಗ ಆಡುವವರು ಕೇಳುವುದೂ ಅಷ್ಟನ್ನೇ. ಹಳೆಯ ಅಂಕಿ, ಹೊಸ ಅಂಕಿ ಅಕ್ಕಪಕ್ಕ ಇಡಿ. ‘ಲೀಗ್ ಆಫ್ ಲೆಜೆಂಡ್ಸ್’ನ ಪ್ಯಾಚ್ ನೋಟ್ಸ್‌ನಲ್ಲಿ ಪ್ರತಿ ಪಾತ್ರದ ಕೆಳಗೆ ಏಕೆ ಬದಲಾಯಿಸಿದೆವು ಎಂಬ ಸಣ್ಣ ಪ್ಯಾರಾ ಇರುತ್ತದೆ, ಅದರ ಕೆಳಗೆ ಹಳೆಯದು ಬಾಣದ ಗುರುತು ಹೊಸದು. ‘ಡೋಟಾ 2’ರವರು ಹೆಚ್ಚಾಗಿ ಕಾರಣ ಹೇಳುವುದಿಲ್ಲ, ಅಂಕಿಗಳನ್ನಷ್ಟೇ ಸಾಲಾಗಿ ಇಡುತ್ತಾರೆ. ವರ್ಷಗಟ್ಟಲೆ ಆಡುತ್ತ ಬಂದ ದೊಡ್ಡ ಬಳಗ ಇರುವವರಿಗೆ ಅದು ನಡೆಯುತ್ತದೆ. ಹೊಸ ಸಣ್ಣ ತಂಡ ಕಾರಣ ಹೇಳಲೇಬೇಕು. ಒಂದು ಸಾಲು ಸಾಕು, ಆದರೆ ಅದು ನಿಜವಾದ ಕಾರಣವಾಗಿರಬೇಕು.

ಬರೆಯದೆ ಬಿಡಬೇಕಾದ ಒಂದು ಸಂಗತಿಯೂ ಇದೆ. ಮೋಸ ಮಾಡಲು ಅಥವಾ ಬೇರೆಯವರ ಖಾತೆಗೆ ನುಗ್ಗಲು ದಾರಿ ಕೊಡುವ ದೋಷ ಮುಚ್ಚಿದಾಗ, ಹಳೆಯ ಆವೃತ್ತಿ ಇನ್ನೂ ಓಡುತ್ತಿರುವ ತನಕ ವಿವರ ಬರೆಯಬೇಡಿ. ‘ಭದ್ರತೆಯ ದೋಷವೊಂದನ್ನು ಮುಚ್ಚಿದ್ದೇವೆ, ದಯವಿಟ್ಟು ಅಪ್‌ಡೇಟ್ ಮಾಡಿಕೊಳ್ಳಿ’ ಎಂದರೆ ಸಾಕು. ಹಳೆಯ ಆವೃತ್ತಿಯನ್ನು ಸರ್ವರ್ ಒಳಗೆ ಬಿಡುವುದು ನಿಲ್ಲಿಸಿದ ಮೇಲೆ ಅದೇ ಪುಟಕ್ಕೆ ವಿವರ ಸೇರಿಸಿ.

ಇನ್ನು ಸಾಲುಗಳ ಕ್ರಮ. ಹೊಸ ವೈಶಿಷ್ಟ್ಯವನ್ನೇ ಮೊದಲು ಹಾಕಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಮೊದಲು ಬರಬೇಕಾದದ್ದು ಆಡುವವರು ತಾವೇ ಮಾಡಬೇಕಾದ ಕೆಲಸ. ನಂತರ ಸೇವ್, ಖರೀದಿ, ರ‍್ಯಾಂಕ್‌ಗೆ ಆಗುವ ಪರಿಣಾಮ. ಆಮೇಲೆ ಹೊಸದು, ಬದಲಾದದ್ದು, ಸರಿಯಾದದ್ದು. ಕೊನೆಗೆ ಗೊತ್ತಿರುವ ತೊಂದರೆ. ನಮ್ಮ ಚನ್ನೆಮಣೆಗೆ ಹೀಗೆ:

> ಆವೃತ್ತಿ 1.4.2
> 14 ಜುಲೈ 2026, ಮಂಗಳವಾರ. ಆಂಡ್ರಾಯ್ಡ್, ವಿಂಡೋಸ್. ಐಫೋನ್ ಆವೃತ್ತಿ ಆಪಲ್‌ನ ಪರಿಶೀಲನೆಯಲ್ಲಿದೆ, ಬಂದ ಕೂಡಲೇ ಇಲ್ಲೇ ತಿಳಿಸುತ್ತೇವೆ.
> ಡೌನ್‌ಲೋಡ್: ಆಂಡ್ರಾಯ್ಡ್ ಸುಮಾರು 38 ಎಂಬಿ, ವಿಂಡೋಸ್ ಸುಮಾರು 112 ಎಂಬಿ.
>
> ನೀವು ಮಾಡಬೇಕಾದದ್ದು: ಆಂಡ್ರಾಯ್ಡ್, ವಿಂಡೋಸ್‌ನಲ್ಲಿ ಆನ್‌ಲೈನ್ ಆಡಲು ಈ ಅಪ್‌ಡೇಟ್ ಕಡ್ಡಾಯ. 1.4.1ರಲ್ಲಿ ಅರ್ಧಕ್ಕೆ ನಿಂತ ಆನ್‌ಲೈನ್ ಆಟಗಳು ರದ್ದಾಗುತ್ತವೆ, ಯಾರ ಲೆಕ್ಕಕ್ಕೂ ಸೋಲು ಬೀಳುವುದಿಲ್ಲ.
> ಸೇವ್: ಹಳೆಯ ಸೇವ್ ನಡೆಯುತ್ತದೆ. ಒಮ್ಮೆ 1.4.2ರಲ್ಲಿ ತೆರೆದ ಸೇವ್ ಮತ್ತೆ 1.4.1ರಲ್ಲಿ ತೆರೆಯುವುದಿಲ್ಲ.
> ಬದಲಾದದ್ದು: ‘ಕಷ್ಟ’ ಮಟ್ಟದಲ್ಲಿ ಕಂಪ್ಯೂಟರ್ ಮುಂದಿನ ಎಷ್ಟು ನಡೆ ಲೆಕ್ಕ ಹಾಕುತ್ತದೆ: 6 → 4. ಹಳೆಯ ಫೋನುಗಳಲ್ಲಿ ಒಂದು ನಡೆಗೆ 9 ಸೆಕೆಂಡ್ ಕಾಯಬೇಕಾಗುತ್ತಿತ್ತು, ಈಗ 2 ಸೆಕೆಂಡಿನೊಳಗೆ ನಡೆ ಬರುತ್ತದೆ. ಎದುರಾಳಿ ಮೊದಲಿಗಿಂತ ಸ್ವಲ್ಪ ಸುಲಭವಾಗಿದ್ದಾನೆ.
> ಸರಿಯಾದದ್ದು: ಕೊನೆಯ ಗುಳಿಯಿಂದ ಕಾಯಿ ಬಿತ್ತುವಾಗ ಪರದೆ ತಿರುಗಿಸಿದರೆ ಒಂದು ಕಾಯಿ ಲೆಕ್ಕ ತಪ್ಪಿ ಒಟ್ಟು 55 ಆಗುತ್ತಿತ್ತು. ಇನ್ನು ಆಗುವುದಿಲ್ಲ.
> ಗೊತ್ತಿರುವ ತೊಂದರೆ: ವಿಂಡೋಸ್‌ನಲ್ಲಿ ಕನ್ನಡ ಆರಿಸಿದರೆ ‘ಸೆಟ್ಟಿಂಗ್ಸ್’ ಬಟನ್ನಿನ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿ ಕಾಣುತ್ತದೆ. ಬಟನ್ ಕೆಲಸ ಮಾಡುತ್ತದೆ.

ಇದರಲ್ಲಿ ‘ಎದುರಾಳಿ ಸ್ವಲ್ಪ ಸುಲಭವಾಗಿದ್ದಾನೆ’ ಎಂಬ ಮಾತು ಗಮನಿಸಿ. ವೇಗ ಹೆಚ್ಚಾಯಿತು ಎಂದು ಹೇಳಿ ಸುಮ್ಮನಿರಬಹುದಿತ್ತು. ಆದರೆ ಚೆನ್ನಾಗಿ ಆಡುವವರು ಎರಡೇ ಆಟದಲ್ಲಿ ಅದನ್ನು ಕಂಡುಹಿಡಿಯುತ್ತಾರೆ. ಬದಲಾವಣೆಯಿಂದ ಯಾರಿಗಾದರೂ ನಷ್ಟವಿದ್ದರೆ ಅದನ್ನು ನೀವೇ ಮೊದಲು ಹೇಳಬೇಕು.

ಡೌನ್‌ಲೋಡ್ ಗಾತ್ರ ಬರೆಯುವ ಅಭ್ಯಾಸ ಅನೇಕರಿಗಿಲ್ಲ. ಮಲೆನಾಡಿನಲ್ಲಿ ಆಡುವವರಿಗೆ ಅದು ಮೊದಲು ಬೇಕಾದ ಅಂಕಿ. ದಿನದ ಡೇಟಾದಲ್ಲಿ ಮುಗಿಯುತ್ತದೋ, ಪೇಟೆಗೆ ಹೋದಾಗ ವೈಫೈನಲ್ಲಿ ಹಾಕಿಕೊಳ್ಳಬೇಕೋ ಎಂದು ಅದನ್ನು ನೋಡಿಯೇ ಅವರು ತೀರ್ಮಾನಿಸುತ್ತಾರೆ. ‘ಸುಮಾರು’ ಎಂದು ಬರೆಯಲು ಕಾರಣವಿದೆ. ಪ್ಲೇ ಸ್ಟೋರ್ ಪೂರ್ತಿ ಆಪ್ ಕಳಿಸದೆ ವ್ಯತ್ಯಾಸವನ್ನಷ್ಟೇ ಕಳಿಸಲು ನೋಡುತ್ತದೆ, ಹಾಗಾಗಿ ಫೋನಿನಿಂದ ಫೋನಿಗೆ ಗಾತ್ರ ಬೇರೆಯಾಗುತ್ತದೆ. ಸ್ಟೀಮ್ ಫೈಲುಗಳನ್ನು ಸುಮಾರು 1 ಎಂಬಿಯ ತುಂಡುಗಳಾಗಿ ಮಾಡಿ, ಬದಲಾದ ತುಂಡುಗಳನ್ನು ಮಾತ್ರ ಇಳಿಸುತ್ತದೆ. ನೀವು ಎಲ್ಲ ಚಿತ್ರ, ಶಬ್ದಗಳನ್ನು ಒಂದೇ ದೊಡ್ಡ ಫೈಲಿಗೆ ತುಂಬಿ, ಪ್ರತಿ ಬಿಲ್ಡ್‌ನಲ್ಲೂ (ಬಿಡುಗಡೆಗೆ ಕಟ್ಟಿದ ಆಟದ ಪ್ರತಿ) ಅವುಗಳ ಕ್ರಮ ಬದಲಾದರೆ, ಒಂದು ಐಕಾನ್ ತಿದ್ದಿದ್ದಕ್ಕೂ ನೂರಾರು ಎಂಬಿ ಇಳಿಯಬೇಕಾಗುತ್ತದೆ. ಸುದ್ದಿಯಲ್ಲಿ ಗಾತ್ರ ಬರೆಯುವ ಶಿಸ್ತು ಇದ್ದರೆ ಇಂಥದ್ದು ಬಿಡುಗಡೆಗೆ ಮುಂಚೆಯೇ ನಿಮ್ಮ ಕಣ್ಣಿಗೆ ಬೀಳುತ್ತದೆ.

ಆವೃತ್ತಿ ಸಂಖ್ಯೆ ಆಟದ ಮುಖ್ಯ ಮೆನುವಿನಲ್ಲಿ ಹೇಗೆ ಕಾಣುತ್ತದೋ ವೆಬ್‌ಸೈಟಿನಲ್ಲೂ ಹಾಗೇ ಇರಬೇಕು. ಆಟದಲ್ಲಿ 1.4.2.3107, ಸುದ್ದಿಯಲ್ಲಿ 1.4.2, ಸ್ಟೋರಿನಲ್ಲಿ ‘ಜುಲೈ ಅಪ್‌ಡೇಟ್’ ಎಂದಿದ್ದರೆ ಬಗ್ ವರದಿ ಕಳಿಸುವವರು ಯಾವುದನ್ನು ಬರೆಯಬೇಕು? ಆಂಡ್ರಾಯ್ಡ್‌ನಲ್ಲಿ ವರ್ಶನ್ ಕೋಡ್, ವರ್ಶನ್ ನೇಮ್ ಎಂದು ಎರಡಿವೆ. ಕೋಡ್ ಏರುತ್ತಲೇ ಹೋಗುವ ಪೂರ್ಣಾಂಕ, ಸ್ಟೋರಿನ ಲೆಕ್ಕಕ್ಕಷ್ಟೇ. ಜನ ನೋಡುವುದು ನೇಮ್, ಸುದ್ದಿಯಲ್ಲಿ ಅದೇ ಬರಬೇಕು. ಇನ್ನೊಂದು ಎಡವಟ್ಟು 1.9ರ ನಂತರ 1.10 ಬಂದಾಗ ಆಗುತ್ತದೆ. ಪುಟಗಳನ್ನು ಹೆಸರಿನ ಪ್ರಕಾರ ಜೋಡಿಸುವ ಸೈಟು 1.10 ಅನ್ನು 1.2ಕ್ಕಿಂತ ಹಿಂದಕ್ಕೆ ತಳ್ಳುತ್ತದೆ, ಹೊಸ ಅಪ್‌ಡೇಟ್ ಕಾಣಿಸುವುದೇ ಇಲ್ಲ. ಯಾವಾಗಲೂ ದಿನಾಂಕದ ಪ್ರಕಾರ ಜೋಡಿಸಿ.

ಆಡುವವರು ವರದಿ ಮಾಡಿದ ಬಗ್‌ಗೆ ನಂಬರ್ ಕೊಡುವ ಪದ್ಧತಿ ಇದ್ದರೆ ಆ ನಂಬರನ್ನೂ ಹಾಕಿ. ‘ಮೈನ್‌ಕ್ರಾಫ್ಟ್’ ಜಾವಾ ಆವೃತ್ತಿಯ ಟಿಪ್ಪಣಿಗಳಲ್ಲಿ ಸರಿಯಾದ ಪ್ರತಿ ಬಗ್‌ನ ಮುಂದೆ ‘ಎಂಸಿ’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ವರದಿ ಮಾಡಿದವರು ಹುಡುಕಿ ತಮ್ಮದನ್ನು ನೋಡಿಕೊಳ್ಳಬಹುದು. ಅವರ ಪರೀಕ್ಷಾ ಆವೃತ್ತಿಗಳ ಸುದ್ದಿಯಲ್ಲಿ, ಇದು ನಿಮ್ಮ ಲೋಕವನ್ನು ಕೆಡಿಸಬಹುದು, ಬ್ಯಾಕಪ್ ತೆಗೆದಿಡಿ ಎಂಬ ಎಚ್ಚರಿಕೆಯೂ ಇರುತ್ತದೆ. ನಿಮ್ಮ ಬೀಟಾ ಬಿಲ್ಡ್‌ಗೂ ಆ ಸಾಲು ತಪ್ಪದೆ ಇರಲಿ.

ಪುಟ ಹೇಗಿರಬೇಕು

ಪಠ್ಯ ಪಠ್ಯವಾಗಿಯೇ ಇರಲಿ. ಪ್ಯಾಚ್ ನೋಟ್ಸ್ ಅನ್ನು ಪೋಸ್ಟರ್ ಮಾಡಿ ಚಿತ್ರವಾಗಿ ಹಾಕಿದರೆ ಹುಡುಕಲು ಬರುವುದಿಲ್ಲ, ಕಾಪಿ ಮಾಡಲು ಬರುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದಿಲ್ಲ. ಜಾವಾಸ್ಕ್ರಿಪ್ಟ್ ಪೂರ್ತಿ ಇಳಿದ ಮೇಲೆಯೇ ಅಕ್ಷರ ಮೂಡುವ ಸೈಟೂ ಬೇಡ. ಆಗುಂಬೆ ಘಾಟಿಯ ಆಸುಪಾಸಿನ ಸಿಗ್ನಲ್‌ನಲ್ಲಿ ಅಂಥ ಪುಟ ಬಿಳಿ ಹಾಳೆಯಾಗಿಯೇ ಉಳಿಯುತ್ತದೆ. ಹ್ಯೂಗೋ ಅಥವಾ ಜೆಕಿಲ್‌ನಂಥ ಸಾಧನದಲ್ಲಿ ಸ್ಟ್ಯಾಟಿಕ್ ಪುಟ (ಮೊದಲೇ ಸಿದ್ಧವಾಗಿ ಇರುವ ಸರಳ ಪುಟ) ಮಾಡಿ ಗಿಟ್‌ಹಬ್ ಪೇಜಸ್ ಅಥವಾ ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಇಟ್ಟರೆ ಸಣ್ಣ ತಂಡಕ್ಕೆ ಬಾಡಿಗೆಯ ಖರ್ಚೂ ಇಲ್ಲ, ತಿದ್ದಿದ್ದಕ್ಕೆಲ್ಲ ಗಿಟ್‌ನಲ್ಲಿ ದಾಖಲೆಯೂ ಇರುತ್ತದೆ. ಆಟದ ತುಣುಕು ತೋರಿಸಲು ಜಿಫ್ ಬದಲು ಶಬ್ದವಿಲ್ಲದ ಎಂಪಿ4 ಬಳಸಿ, ಗಾತ್ರ ಎಷ್ಟೋ ಪಟ್ಟು ಇಳಿಯುತ್ತದೆ. ವಿಡಿಯೊ ತಾನಾಗಿ ಓಡುವುದು ಬೇಡ.

ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಹಂಚಿದಾಗ ಕಾಣುವ ಚಿತ್ರ 1200×630 ಪಿಕ್ಸೆಲ್ ಇರಲಿ, 300 ಕೆಬಿ ದಾಟದಿರಲಿ. ಅದರಲ್ಲಿ ಆಟದ ಹೆಸರು, ಆವೃತ್ತಿ ಸಂಖ್ಯೆ ಎರಡೇ ಸಾಕು. ಹಂಚುವ ಮುಂಚೆಯೇ ಅದನ್ನು ಪರೀಕ್ಷಿಸಿ. ಒಮ್ಮೆ ತಪ್ಪು ಚಿತ್ರ ಹೋದರೆ ವಾಟ್ಸ್‌ಆ್ಯಪ್ ಅದನ್ನೇ ನೆನಪಿಟ್ಟುಕೊಂಡು ತೋರಿಸುತ್ತಿರುತ್ತದೆ.

ಪುಟದ ವಿಳಾಸ ರೋಮನ್ ಅಕ್ಷರದಲ್ಲಿ, ಚಿಕ್ಕದಾಗಿ ಇರಲಿ. ಕನ್ನಡದಲ್ಲಿ ಇಡಬಾರದೆಂದಲ್ಲ, ಆದರೆ ಕಾಪಿ ಮಾಡಿದಾಗ ಅನೇಕ ಕಡೆ ಕನ್ನಡದ ಒಂದೊಂದು ಚಿಹ್ನೆಯೂ ಶೇಕಡಾ ಗುರುತಿನ ಸಮೇತ 9 ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ‘ಸುದ್ದಿ’ ಎಂಬ ಪುಟ್ಟ ಪದದಲ್ಲಿ ಸ, ಉಕಾರ, ದ, ಅರ್ಧಾಕ್ಷರದ ಗುರುತು (್), ದ, ಇಕಾರ ಎಂದು 6 ಚಿಹ್ನೆಗಳಿವೆ, ವಿಳಾಸದಲ್ಲಿ ಅದು 54 ಅಕ್ಷರ. ನೋಡಿದವರು ವೈರಸ್ ಲಿಂಕ್ ಎಂದು ಹೆದರಿ ಒತ್ತುವುದೇ ಇಲ್ಲ.

ಕನ್ನಡದಲ್ಲಿ ಬರೆಯುವಾಗ

‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು ನೇರ ವೆಬ್‌ಸೈಟಿಗೆ ಅಂಟಿಸಬೇಡಿ. ಆ ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಎಲ್ಲ ಫೋನುಗಳೂ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಎರಡನ್ನೂ ಕಣ್ಣಿಟ್ಟು ಓದಿ. ಪರಿವರ್ತನೆಯಲ್ಲಿ ಹೆಚ್ಚು ಕೆಡುವುದು ಅವೇ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಧಾರಾಳ ಸಾಕು. ಸಾಲುಗಳ ಅಂತರ ಅಕ್ಷರದ ಗಾತ್ರದ 1.6 ಪಟ್ಟಾದರೂ ಇರಲಿ. ಇಂಗ್ಲಿಷಿಗೆಂದು ಮಾಡಿದ ಕೆಲವು ಥೀಮುಗಳಲ್ಲಿ 1.2 ಇರುತ್ತದೆ, ಅಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ಬಡಿಯುತ್ತದೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಸೆಟ್ಟಿಂಗ್ ಸೊನ್ನೆಯಲ್ಲಿರಲಿ.

‘ಅಪ್‌ಡೇಟ್’ ಎಂದು ಬರೆಯುವಾಗ ಪ್ ಮತ್ತು ಡೇ ನಡುವೆ ಕಾಣದ ಒಂದು ಚಿಹ್ನೆ ಇರುತ್ತದೆ. ಅದಿಲ್ಲದಿದ್ದರೆ ‘ಅಪ್ಡೇಟ್’ ಎಂದು ಕೂಡಿಕೊಳ್ಳುತ್ತದೆ. ಎರಡೂ ಓದಲು ಒಂದೇ, ಆದರೆ ನಿಮ್ಮ ಸೈಟಿನ ಹುಡುಕುಪೆಟ್ಟಿಗೆಗೆ ಎರಡು ಬೇರೆ ಪದ. ತಂಡದಲ್ಲಿ ಎಲ್ಲರೂ ಒಂದೇ ರೂಪ ಬಳಸುವಂತೆ ಪದಪಟ್ಟಿ ಮಾಡಿಡಿ. ಸರದಿ ಎನ್ನುತ್ತೀರೋ ಟರ್ನ್ ಎನ್ನುತ್ತೀರೋ, ಗುಳಿಯೋ ಮನೆಯೋ, ಕಾಯಿಯೋ ಬೀಜವೋ? ಆಟದೊಳಗೆ ಯಾವ ಪದ ಇದೆಯೋ ಸುದ್ದಿಯಲ್ಲೂ ಅದೇ. ಡೌನ್‌ಲೋಡ್, ಸರ್ವರ್, ಸೇವ್ ಇವಕ್ಕೆ ಹೊಸ ಕನ್ನಡ ಪದ ಹುಟ್ಟಿಸಲು ಸುದ್ದಿ ಪುಟ ಜಾಗವಲ್ಲ.

ಹೊರರಾಜ್ಯ, ಹೊರದೇಶದ ಆಟಗಾರರಿಗಾಗಿ ಇಂಗ್ಲಿಷ್ ಪುಟವೂ ಬೇಕಾಗುತ್ತದೆ. ಇಂಗ್ಲಿಷಿನಲ್ಲಿ 20 ಸಾಲು, ಕನ್ನಡದಲ್ಲಿ 5 ಸಾಲಿನ ಸಾರಾಂಶ ಎಂದು ಮಾತ್ರ ಮಾಡಬೇಡಿ. ಎರಡರಲ್ಲೂ ಅದೇ ಸಾಲುಗಳು, ಅದೇ ಅಂಕಿಗಳು ಇರಲಿ. ಮೇಲ್ತುದಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಲಿಂಕ್ ಇರಲಿ. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ ಗುರುತಿಸಿ, ಇಲ್ಲದಿದ್ದರೆ ಸ್ಕ್ರೀನ್ ರೀಡರ್ ತಪ್ಪು ದನಿಯಲ್ಲಿ ಓದಲು ಹೊರಡುತ್ತದೆ.

ಸ್ಟೋರುಗಳ ಮಿತಿ

ಪ್ಲೇ ಸ್ಟೋರಿನ ‘ಹೊಸತೇನಿದೆ’ ಖಾನೆಗೆ ಪ್ರತಿ ಭಾಷೆಗೆ 500 ಯೂನಿಕೋಡ್ ಚಿಹ್ನೆಗಳ ಮಿತಿ. ಕನ್ನಡಕ್ಕೆ ಇದು ಕಾಣುವುದಕ್ಕಿಂತ ಬಿಗಿ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದು ಅಕ್ಷರ, ಲೆಕ್ಕಕ್ಕೆ 6. ಆದ್ದರಿಂದ ಅಲ್ಲಿ ಮುಖ್ಯವಾದ ಮೂರು ಸಾಲು ಬರೆದು, ಪೂರ್ತಿ ವಿವರ ವೆಬ್‌ಸೈಟಿನಲ್ಲಿದೆ ಎಂದು ಹೇಳಿ ಮುಗಿಸಿ. ಆಪಲ್‌ನಲ್ಲಿ 4000 ಸಿಗುತ್ತದೆ, ಆದರೂ ಅದೇ ಮೂರು ಸಾಲು ಸಾಕು.

ಸುದ್ದಿ ಪ್ರಕಟಿಸುವ ಗಳಿಗೆಯನ್ನು ಬಿಡುಗಡೆಯ ರೀತಿ ನೋಡಿ ಹೊಂದಿಸಿ. ಆಪ್ ಸ್ಟೋರಿನಲ್ಲಿ ಹಂತದ ಬಿಡುಗಡೆ ಆರಿಸಿಕೊಂಡರೆ ಸ್ವಯಂ ಅಪ್‌ಡೇಟ್ ಇಟ್ಟುಕೊಂಡವರಿಗೆ 7 ದಿನಗಳಲ್ಲಿ ಶೇ. 1, 2, 5, 10, 20, 50, 100 ಎಂದು ಹಂಚಿಕೆಯಾಗುತ್ತದೆ. ಪ್ಲೇ ಸ್ಟೋರಿನಲ್ಲಿ ಶೇಕಡಾವಾರು ನೀವೇ ನಿಗದಿ ಮಾಡಬಹುದು. ಮೊದಲ ದಿನವೇ ‘ಹೊಸ ಆವೃತ್ತಿ ಬಂದಿದೆ’ ಎಂದು ಬರೆದರೆ ಬಹುಪಾಲು ಜನರ ಫೋನಿಗೆ ಅದು ಬಂದಿರುವುದಿಲ್ಲ, ‘ನನಗೆ ಬರಲಿಲ್ಲ’ ಎಂಬ ಮೇಲ್‌ಗಳೇ ಇನ್‌ಬಾಕ್ಸ್ ತುಂಬುತ್ತವೆ. ‘ಇಂದಿನಿಂದ ಹಂತ ಹಂತವಾಗಿ, ಎಲ್ಲರಿಗೂ ತಲುಪಲು ಒಂದು ವಾರ’ ಎಂದು ಬರೆಯಿರಿ. ಆನ್‌ಲೈನ್ ಆಡಲು ಕಡ್ಡಾಯವಾದ ಅಪ್‌ಡೇಟ್ ಆದರೆ ಹಂತದ ಬಿಡುಗಡೆಯೇ ಬೇಡ, ಎದುರಾಳಿಗಳು ಎರಡು ಆವೃತ್ತಿಗಳಲ್ಲಿ ಹಂಚಿಹೋಗುತ್ತಾರೆ.

ಸರ್ವರ್ ನಿಂತಾಗ

ಸಮಯ ಬರೆಯುವುದರಲ್ಲೇ ಅರ್ಧ ಗೊಂದಲ ಹುಟ್ಟುತ್ತದೆ. ‘ಬುಧವಾರ ರಾತ್ರಿ 12ಕ್ಕೆ’ ಎಂದರೆ ಮಂಗಳವಾರ ಮುಗಿಯುವ ರಾತ್ರಿಯೋ ಬುಧವಾರ ಮುಗಿಯುವ ರಾತ್ರಿಯೋ? 12 ಗಂಟೆಯನ್ನೇ ಬಿಟ್ಟುಬಿಡಿ. ‘15 ಜುಲೈ, ಬುಧವಾರ, ಬೆಳಗಿನ ಜಾವ 2ರಿಂದ 4ರ ತನಕ, ಭಾರತೀಯ ಕಾಲಮಾನ’ ಎಂದು ಕಡ್ಡಿ ಮುರಿದಂತೆ ಬರೆಯಿರಿ. ಪಕ್ಕದಲ್ಲಿ ಯುಟಿಸಿ (ಜಗತ್ತಿಗೆಲ್ಲ ಸಾಮಾನ್ಯವಾದ ಕಾಲಮಾನ) ಸಮಯವೂ ಇರಲಿ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದಿದ್ದೇವೆ, ಹಾಗಾಗಿ ಅದು 14 ಜುಲೈ ರಾತ್ರಿ 8:30ರಿಂದ 10:30. ತಾರೀಕೇ ಬದಲಾಗುವುದನ್ನು ಗಮನಿಸಿ. ಅಮೆರಿಕದ ಬಹುತೇಕ ಕಡೆ ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಡಿಯಾರ ಒಂದು ಗಂಟೆ ಸರಿಯುತ್ತದೆ, ನಮ್ಮಲ್ಲಿ ಸರಿಯುವುದಿಲ್ಲ. ವಾರದ ಪಂದ್ಯಾವಳಿ ಇಟ್ಟವರು ಆ ಎರಡು ತಿಂಗಳಲ್ಲಿ ವಿಶೇಷ ಸೂಚನೆ ಹಾಕಬೇಕು.

ಅನಿರೀಕ್ಷಿತವಾಗಿ ಸರ್ವರ್ ಬಿದ್ದರೆ ಮೊದಲ ಸೂಚನೆಗೆ ಕಾರಣ ತಿಳಿಯುವ ತನಕ ಕಾಯಬೇಡಿ. ಏನು ನಡೆಯುತ್ತಿಲ್ಲ, ಏನು ನಡೆಯುತ್ತಿದೆ, ಮುಂದಿನ ಮಾಹಿತಿ ಎಷ್ಟು ಗಂಟೆಗೆ, ಇಷ್ಟು ಹಾಕಿ. ಹೇಳಿದ ಗಂಟೆಗೆ ಹೊಸದೇನೂ ಇಲ್ಲದಿದ್ದರೂ ‘ಇನ್ನೂ ಸರಿಯಾಗಿಲ್ಲ, ಮುಂದಿನ ಮಾಹಿತಿ 7:30ಕ್ಕೆ’ ಎಂದು ಬರೆಯಲೇಬೇಕು. ‘ಶೀಘ್ರದಲ್ಲೇ’ ಎಂಬ ಪದ ಈ ಪುಟದಲ್ಲಿ ಎಲ್ಲಿಯೂ ಬೇಡ. ಸೂಚನೆಯ ಪುಟ ಆಟದ ಸರ್ವರ್ ಇರುವ ಯಂತ್ರದಲ್ಲೇ ಇದ್ದರೆ ಎರಡೂ ಒಟ್ಟಿಗೆ ಬೀಳುತ್ತವೆ, ಬೇರೆ ಕಡೆ ಇಡಿ. ವೆಬ್‌ಸೈಟನ್ನೇ ಸ್ವಲ್ಪ ಹೊತ್ತು ಮುಚ್ಚಬೇಕಾದರೆ 404 (ಪುಟ ಇಲ್ಲ) ಬದಲು 503 (ಸೇವೆ ಸದ್ಯಕ್ಕಿಲ್ಲ) ಉತ್ತರ ಬರುವಂತೆ ಮಾಡಿ. ಆಗ ಇದು ತಾತ್ಕಾಲಿಕ ಎಂದು ಗೂಗಲ್‌ಗೆ ತಿಳಿಯುತ್ತದೆ, ಪುಟಗಳನ್ನು ಹುಡುಕಾಟದಿಂದ ಕೂಡಲೇ ತೆಗೆದುಹಾಕುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಅದಕ್ಕೆ ಮೂರು ವ್ಯವಸ್ಥೆ ಬೇಕು: ಸೂಚನೆಯ ಕರಡುಗಳು ಮೊದಲೇ ತಯಾರಿರಲಿ, ಫೋನಿನಿಂದಲೇ ಪ್ರಕಟಿಸಲು ಬರಲಿ, ಬೇರೆ ಊರಿನಲ್ಲಿರುವ ಇನ್ನೊಬ್ಬರಿಗೂ ಲಾಗಿನ್ ಇರಲಿ. ಮುಂದಿನ 48 ಗಂಟೆ ತಂಡದಲ್ಲಿ ಒಬ್ಬರಿಗಾದರೂ ಕರೆಂಟು, ನೆಟ್ ಎರಡೂ ಇರುತ್ತವೆ ಎಂಬ ಭರವಸೆ ಇಲ್ಲದ ದಿನ ಅಪ್‌ಡೇಟ್ ಬಿಡಬೇಡಿ. ಶುಕ್ರವಾರ ಸಂಜೆಯಂತೂ ಬೇಡವೇ ಬೇಡ.

ಮುಂದಿನ ಯೋಜನೆ ಹೇಳುವಾಗ

ಇಲ್ಲಿ ಕಡಿಮೆ ಹೇಳಿದಷ್ಟೂ ಒಳ್ಳೆಯದು. ‘ಮಾಡುತ್ತಿದ್ದೇವೆ’, ‘ಯೋಚಿಸುತ್ತಿದ್ದೇವೆ’, ‘ಸದ್ಯಕ್ಕಿಲ್ಲ’ ಎಂದು ಮೂರು ಗುಂಪು ಮಾಡಿ. ಕೊನೆಯದನ್ನು ಬಿಡಬೇಡಿ, ಕೇಳುವವರಿಗೆ ಹಾರಿಕೆಯ ಉತ್ತರ ಕೊಡುವ ಗೋಳು ತಪ್ಪುತ್ತದೆ. ಬಿಲ್ಡ್ ಸ್ಟೋರಿನ ಪರಿಶೀಲನೆ ಮುಗಿಸುವ ತನಕ ದಿನಾಂಕ ಬೇಡ. ‘ಮಳೆಗಾಲ ಮುಗಿಯುವುದರೊಳಗೆ’ ಎಂಬ ಮಾತೂ ಬೇಡ. ಆಗುಂಬೆಯವರ ಮಳೆಗಾಲವೇ ಬೇರೆ, ಬಳ್ಳಾರಿಯವರದೇ ಬೇರೆ.

ಪ್ರಕಟಿಸಿದ ಮೇಲೆ

ಮೊದಲ ಎರಡು ದಿನ ಪ್ಯಾಚ್ ನೋಟ್ಸ್ ಪುಟ ತೆರೆದ ಕಡತ. ಹೊಸ ಬಗ್ ಖಚಿತವಾದರೆ ‘ಗೊತ್ತಿರುವ ತೊಂದರೆ’ಗೆ ಅದೇ ಪುಟದಲ್ಲಿ ಸೇರಿಸಿ, ಪಕ್ಕದಲ್ಲಿ ಸೇರಿಸಿದ ದಿನಾಂಕ ಹಾಕಿ. ಟೈಪಿಂಗ್ ತಪ್ಪು, ಕಾಗುಣಿತದ ತಪ್ಪು ಸುಮ್ಮನೆ ತಿದ್ದಬಹುದು. ಆದರೆ ಅಂಕಿಯೋ ವಾಗ್ದಾನವೋ ತಪ್ಪಾಗಿದ್ದರೆ ಹಳೆಯದನ್ನು ಅಳಿಸದೆ ಅಡ್ಡಗೆರೆ ಎಳೆದು, ‘15 ಜುಲೈ: ಮೊದಲು 3 ಎಂದು ಬರೆದಿದ್ದೆವು, ಸರಿಯಾದದ್ದು 4’ ಎಂದು ಸೇರಿಸಿ. ಹಳೆಯ ಸಾಲಿನ ಸ್ಕ್ರೀನ್‌ಶಾಟ್ ಯಾರ ಬಳಿಯಾದರೂ ಇದ್ದೇ ಇರುತ್ತದೆ.

ಆರ್‌ಎಸ್‌ಎಸ್ ಫೀಡ್ (ಹೊಸ ಸುದ್ದಿ ಬಂದದ್ದನ್ನು ಬೇರೆ ಆಪ್‌ಗಳು ಓದಿಕೊಳ್ಳುವ ಪಟ್ಟಿ) ಇಡಿ. ಹ್ಯೂಗೋದಂಥ ಸಾಧನ ಅದನ್ನು ತಾನಾಗಿಯೇ ಮಾಡಿಕೊಡುತ್ತದೆ, ಡಿಸ್ಕಾರ್ಡ್ ಬಾಟ್‌ಗಳೂ ಅದನ್ನೇ ಓದಿ ಸುದ್ದಿ ಹಾಕುತ್ತವೆ. ಫೀಡಿನಲ್ಲಿ ಪ್ರತಿ ಸುದ್ದಿಗೂ ಬದಲಾಗದ ಒಂದು ಗುರುತು ಇರುತ್ತದೆ. ಶೀರ್ಷಿಕೆ ತಿದ್ದಿದಾಗ ಅದೂ ಬದಲಾದರೆ ಅದೇ ಸುದ್ದಿ ಎಲ್ಲರಿಗೂ ಎರಡನೇ ಸಲ ಹೋಗುತ್ತದೆ. ಸೈಟಿನ ವಿನ್ಯಾಸ ಬದಲಾಯಿಸಿದಾಗ ಹಳೆಯ ವಿಳಾಸಗಳಿಂದ ಹೊಸ ವಿಳಾಸಕ್ಕೆ 301 (ಪುಟ ಶಾಶ್ವತವಾಗಿ ಸ್ಥಳಾಂತರವಾಗಿದೆ ಎಂಬ ಉತ್ತರ) ಮೂಲಕ ದಾರಿ ಮಾಡಿಕೊಡಿ. 1.0ರ ಪುಟವೂ ತೆರೆಯುತ್ತದೆಯೇ ಎಂದು ಒತ್ತಿ ನೋಡಿ. ಡೊಮೇನ್ ನವೀಕರಣ ಸ್ವಯಂಚಾಲಿತವಾಗಿರಲಿ, ಅದರ ನೆನಪೋಲೆ ಕನಿಷ್ಠ ಇಬ್ಬರ ಇಮೇಲ್‌ಗೆ ಬರಲಿ.